ಒಂದು ದಿನ ದೊಡ್ಡವಳು

ಆ ಬೆಳಿಗ್ಗೆ ಮಳೆ ಬರುತ್ತಿತ್ತು ಎಂದು ಮೊದಲು ಬರೆದಿದ್ದೆ. ಮಗಳು ಓದಿ, "ಮಳೆ ಇರ್ಲಿಲ್ಲಮ್ಮ. ನೀನು ಛತ್ರಿ ಹಿಡ್ಕೊಂಡಿದ್ದೆ, ಅಷ್ಟೇ," ಎಂದಳು. ಹಾಗಾಗಿ ಮಳೆಯನ್ನು ತೆಗೆದು ಛತ್ರಿಯನ್ನು ಉಳಿಸಿಕೊಂಡಿದ್ದೇನೆ. ಮಿಕ್ಕದ್ದರ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಗಂಡನದು ಒಂದು, ಅತ್ತೆಯದು ಒಂದು, ಮಗಳದು ಒಂದು. ನನ್ನದು ಎರಡು ಮೂರಿವೆ, ಯಾವುದು ಗಟ್ಟಿ ಎಂದು ನನಗೇ ಗೊತ್ತಿಲ್ಲ.

ಯಾರೂ ತಕರಾರು ಮಾಡದ ಸಂಗತಿ ಇಷ್ಟು. ಕಂಟೋನ್ಮೆಂಟ್ ಕಡೆಯ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಓದಬೇಕೆಂದು ಮಗಳು ಪಿಯುಸಿ ಸೇರಿದಾಗಿನಿಂದ ಹಂಬಲಿಸುತ್ತಿದ್ದಳು. ಬೇರೆ ಕಾಲೇಜುಗಳಿಗೂ ಅರ್ಜಿ ಹಾಕು ಎಂದರೆ ಹಾಕುತ್ತಿದ್ದಳು, ಆದರೆ ದೂರದ ನೆಂಟರ ಮದುವೆಗೆ ಹೊರಟವಳ ಮುಖ ಮಾಡಿಕೊಂಡು. ಪ್ರವೇಶ ಪರೀಕ್ಷೆ ಬರೆದಳು. ಸಂದರ್ಶನಕ್ಕೆ ಹೋಗಿ ಬಂದಳು. ಪಟ್ಟಿ ಬರುವ ದಿನ ಕಾಲೇಜಿನ ವೆಬ್‌ಸೈಟು ಒಂದು ಚಕ್ರವನ್ನು ಮಾತ್ರ ತಿರುಗಿಸುತ್ತಾ ಕೂತಿತು. ಕಾದೂ ಕಾದೂ, ಕಗ್ಗದಾಸಪುರದಿಂದ ಆಟೋ ಹಿಡಿದು ನಾವೇ ಹೋದೆವು: ನಾನು, ಗಂಡ, ಮಗಳು, ಛತ್ರಿ.

ಗಾಜಿನ ಹಲಗೆಯೊಳಗೆ ಪಟ್ಟಿ ಅಂಟಿಸಿದ್ದರು. ಆಯ್ಕೆಯಾದವರ ಸಾಲಿನ ಕೊನೆಯ ಹೆಸರು ಮಗಳ ಗೆಳತಿಯದು. ಅದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ, ಕಾಯುವವರ ಸಾಲಿನ ಮೊದಲ ಹೆಸರು ನನ್ನ ಮಗಳದು. ಇಬ್ಬರ ಅಂಕವೂ ಒಂದೇ, ದಶಮಾಂಶದವರೆಗೂ.

ಆ ಗೆಳತಿ ಫ್ರೇಜರ್ ಟೌನಿನ ಹುಡುಗಿ. ಅವಳ ಅಪ್ಪನಿಗೆ ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ. ಪಿಯುಸಿ ಪೂರ್ತಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು, ನಮ್ಮ ಮನೆಯ ಒಂದೇ ಮಂಚದ ಮೇಲೆ ಬಿದ್ದುಕೊಂಡು ಪರೀಕ್ಷೆಗೆ ಓದಿದವರು. ಅಂಕ ಒಂದೇ ಬಂದದ್ದರಲ್ಲಿ ನನಗೆ ಆಶ್ಚರ್ಯವಿರಲಿಲ್ಲ. ಗೆರೆ ಅವರ ನಡುವೆಯೇ ಯಾಕೆ ಬಿತ್ತು ಎಂಬುದಷ್ಟೇ ಆಶ್ಚರ್ಯ.

ಪ್ರವೇಶ ವಿಭಾಗದ ಅಧಿಕಾರಿ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ ಮೆದು ಮಾತಿನ ಮನುಷ್ಯ.

"ಟೈ ಆಗಿದೆ ಮೇಡಂ. ಟೈ ಆದ್ರೆ ವಯಸ್ಸಲ್ಲಿ ಹಿರಿಯರಿಗೆ ಸೀಟು. ಆ ಹುಡುಗಿ ಒಂದು ದಿನ ದೊಡ್ಡವಳು."

"ಒಂದೇ ದಿನನಾ?"

"ಒಂದು ದಿನ ಧಾರಾಳ ಮೇಡಂ. ಹಿಂದೆ ಒಂದ್ಸಲ ಅವಳಿ ಮಕ್ಕಳು ಬಂದಿದ್ರು. ನಮ್ ಕಷ್ಟ ನಿಮಗೆ ಗೊತ್ತಿಲ್ಲ."

"ಆಗ ಏನ್ ಮಾಡಿದ್ರಿ?"

"ಒಂದೇ ದಿನ ಹುಟ್ಟಿದ್ರೆ ಚೀಟಿ ಎತ್ತೋದು."

ನಮ್ಮ ಹಿಂದೆ ನಿಂತಿದ್ದ ಒಬ್ಬ ತಂದೆ ಯಾರಿಗೂ ಅಲ್ಲ ಎಂಬಂತೆ, "ವಯಸ್ಸೇ ಮುಖ್ಯ ಅಂತ ಮೊದಲೇ ಹೇಳಿದ್ರೆ ನಮ್ ತಾತನ್ನೇ ಕರ್ಕೊಂಡ್ ಬರ್ತಿದ್ದೆ ಗುರು," ಎಂದರು.

ಮಗಳು ಅಳುತ್ತಿದ್ದಳು. ಇಲ್ಲಿ ಅವಳು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾಳೆ: "ಅಳ್ಲಿಲ್ಲ. ಲೆನ್ಸ್ ಜಾರಿತ್ತು."

ವಾಪಸು ಬರುವಾಗ ಆಟೋದಲ್ಲಿ ನಾನು ಆ ನಿಯಮವನ್ನು ಬೈಯತೊಡಗಿದೆ. ಬೈಗುಳಕ್ಕೆ ಗಂಡನ ದನಿ ಸೇರಲಿಲ್ಲ. ಅವರ ಕಚೇರಿ ಕೆ.ಆರ್. ಪುರದ ಹತ್ತಿರ. ಅಲ್ಲಿ ತನಗಿಂತ ತಡವಾಗಿ ಸೇರಿದವನಿಗೆ ಬಡ್ತಿ ಸಿಕ್ಕಿತೆಂದು ವರ್ಷಗಟ್ಟಲೆ ಮನವಿ ಬರೆದು ಬರೆದು, ಕೊನೆಗೆ ಸೇವಾ ಹಿರಿತನದ ಮೇಲೆಯೇ ಗೆದ್ದ ಮನುಷ್ಯ.

"ಸೀನಿಯಾರಿಟಿ ಅಂದ್ರ ಸೀನಿಯಾರಿಟಿ," ಎಂದರು. ಹುಟ್ಟಿದ್ದು ರಾಣೆಬೆನ್ನೂರಿನ ಕಡೆ, ಸಂಕಟ ಬಂದಾಗ ಆ ಕಡೆಯ ಮಾತೇ ಬರುತ್ತದೆ. "ಈಗ ನಾನ ಉಲ್ಟಾ ಮಾತಾಡಿದ್ರ ನಾಳಿ ಆಫೀಸಿನಾಗ ಮುಖ ಹೆಂಗ ತೋರಿಸ್ಲಿ?"

"ನಿಮ್ ಆಫೀಸಿಗೆ ಯಾರಪ್ಪ ಹೇಳೋಕೆ ಹೋಗ್ತಾರೆ?" ಎಂದಳು ಮಗಳು.

ಕಗ್ಗದಾಸಪುರದ ರೈಲು ಗೇಟು ಹಾಕಿತ್ತು. ಡ್ರೈವರು ಇಂಜಿನ್ ಆರಿಸಿದ. ಆ ನಿಶ್ಶಬ್ದದಲ್ಲಿ ಮಗಳು ಕೇಳಿದಳು: "ಅದಿರ್ಲಿ, ನಾನ್ಯಾಕೆ ಒಂದು ದಿನ ಲೇಟು?"

ನಾನು ಗಂಡನ ಮುಖ ನೋಡಿದೆ. ಅವರು ಬಾರದ ರೈಲನ್ನು ನೋಡಿದರು. ಇಬ್ಬರಿಗೂ ಕಾರಣ ಗೊತ್ತಿತ್ತು. ಆ ಕಾರಣ ಮನೆಯಲ್ಲಿ ಕೂತು ಶೇಂಗಾ ಹಸನು ಮಾಡುತ್ತಿತ್ತು.

ನನ್ನ ಹೆರಿಗೆಗೆ ಡಾಕ್ಟರು ಹೇಳಿದ್ದ ಹೊತ್ತು ಗುರುವಾರ ಸಂಜೆ. ಆಪರೇಷನ್ ಆಗಲೇಬೇಕು ಎಂದು ಗೊತ್ತಾದ ಕೂಡಲೇ ಅತ್ತೆ ತಮ್ಮೂರಿನ ಅಯ್ಯನವರಿಗೆ ಫೋನು ಮಾಡಿದರು. ಅವರು ಪಂಚಾಂಗ ತಿರುವಿ, ಗುರುವಾರ ಸಂಜೆ ಹುಟ್ಟಿದರೆ ಕೂಸಿನ ವಿದ್ಯೆಗೆ ಅಡ್ಡಿ, ಆ ರಾತ್ರಿ ಕಳೆದು ಬೆಳಗಿನ ಜಾವ ಹೊತ್ತು ಮೂಡುವುದಕ್ಕೆ ಮೊದಲು ಹುಟ್ಟಿದರೆ ವಿದ್ಯೆ ತಾನಾಗಿ ಒಲಿದು ಬರುತ್ತದೆ ಎಂದರು. ಡಾಕ್ಟರು ಮೊದಲು ನಕ್ಕರು, ಆಮೇಲೆ ರೇಗಿದರು, ಕೊನೆಗೆ ಒಪ್ಪಿ ಆ ಜಾವದಲ್ಲಿ ಆಕಳಿಸುತ್ತಾ ಬಂದರು. ಹೀಗೆ ಗುರುವಾರ ಸಂಜೆ ಬರಬೇಕಾದವಳು ಮುಹೂರ್ತಕ್ಕಾಗಿ ಕಾದು, ಶುಕ್ರವಾರ ಸೂರ್ಯ ಹುಟ್ಟುವ ಮುನ್ನ ಬಂದಳು.

ಇದೆಲ್ಲ ನಾನು ಕೇಳಿದ್ದು. ಆಪರೇಷನ್ ಕೋಣೆಯೊಳಗೆ ಇದ್ದವರಲ್ಲಿ ಈಗ ನಮ್ಮ ಮನೆಯಲ್ಲಿರುವುದು ನಾನು ಮತ್ತು ಮಗಳು, ನಮ್ಮಿಬ್ಬರಿಗೇ ಏನೂ ನೆನಪಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವರಿಗೆ ಎಲ್ಲವೂ ನೆನಪಿದೆ.

ಮನೆಗೆ ಬಂದವಳೇ ಮಗಳು ಅಜ್ಜಿಯ ಮುಂದೆ ನಿಂತಳು. "ಅಜ್ಜಿ, ನಂಗೆ ವಿದ್ಯಾಯೋಗ ಕೊಡ್ಸೋಕೆ ಹೋಗಿ ನನ್ ಸೀಟು ಕಳ್ದಿದ್ದೀಯ."

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಒಂದು ಹುಳುಕು ಶೇಂಗಾವನ್ನು ಆರಿಸಿ ಪಕ್ಕಕ್ಕಿಟ್ಟರು. "ನೀ ಶುಕ್ರವಾರ ಹುಟ್ಟೀದಿ ಅಂತ ಯಾರು ಹೇಳಿದ್ರು? ನೀ ಹುಟ್ಟಿದ್ದು ಗುರುವಾರ. ಹೊತ್ತು ಮೂಡೂತನಕ ಗುರುವಾರನ."

"ಆಧಾರ್‌ನಲ್ಲಿ ಶುಕ್ರವಾರದ ತಾರೀಕಿದೆ ಅಜ್ಜಿ."

"ಆಧಾರ್‌ನಾಗ ನನ್ನ ಮಾರೀನೂ ಐತಿ. ನನ್ನಂಗ ಐತೇನು ಅದು?"

ಆ ಚಿತ್ರ ನಿಜಕ್ಕೂ ಅವರಂತಿಲ್ಲ.

ಆದರೂ ಅತ್ತೆಗೆ ಒಳಗೊಳಗೇ ಇರುಸುಮುರುಸು ಆಗಿರಬೇಕು. ಊಟದ ಹೊತ್ತಿಗೆ ಅವರಿಗೆ ಹೊಸದೊಂದು ನೆನಪು ಬಂತು. ಆ ಗುರುವಾರ ಸಂಜೆ ಆಸ್ಪತ್ರೆಯ ಪಡಸಾಲೆಯಲ್ಲಿ ಬುರ್ಖಾ ತೊಟ್ಟ ಚಿಕ್ಕ ಹೆಣ್ಣುಮಗಳೊಬ್ಬಳು ನೋವು ತಿನ್ನುತ್ತಾ ಕೂತಿದ್ದಳಂತೆ. ನಾವು ಬೇಡವೆಂದ ಹೊತ್ತಿಗೆ ಅವಳನ್ನು ಒಳಗೆ ಕರೆದರಂತೆ. ಗಂಡನಿಗೆ ತಕ್ಷಣ ನೆನಪಾಯಿತು: ಅವಳ ಗಂಡ ಬಂದು ಕೈಹಿಡಿದು ಖರ್ಜೂರ ಕೊಟ್ಟಿದ್ದ. ನನಗೂ ಸ್ಟ್ರೆಚರಿನ ಆಚೆ ಯಾರದೋ ಗಾಜಿನ ಬಳೆಯ ಸದ್ದು ಕೇಳಿಸಿತು.

"ಆಕಿನ ಈಕಿ ಗೆಳತಿ ಅವ್ವ," ಎಂದರು ಅತ್ತೆ. "ನಾವು ಬಿಟ್ಟುಕೊಟ್ಟ ಹೊತ್ತಿನಾಗ ಆ ಕೂಸು ಹುಟ್ತು. ಅದಕ್ಕ ಸೀಟೂ ಆ ಕೂಸಿಗೆ ಹೋತು. ನಾವ ಕೊಟ್ಟಂಗ ಆತು."

ತಟ್ಟೆ ತೊಳೆಯುವಷ್ಟರಲ್ಲಿ ಸುದ್ದಿ ರಾಣೆಬೆನ್ನೂರು ಮುಟ್ಟಿತ್ತು. ಅಲ್ಲಿಂದ ನಾದಿನಿ ಫೋನು ಮಾಡಿ, ಎಂಥ ದೊಡ್ಡ ಮನಸ್ಸು ನಿಮ್ಮದು ಎಂದು ಕಣ್ಣೀರು ಹಾಕಿದಳು. ಇಷ್ಟು ಅಂದವಾಗಿ ಕೂಡಿಬರುವ ನೆನಪನ್ನು ನಾನು ನಂಬುವುದಿಲ್ಲ. ನಿಜಕ್ಕೆ ಇಂಥ ಹೊಲಿಗೆ ಇರುವುದಿಲ್ಲ. ಆದರೂ ಬಳೆಯ ಸದ್ದನ್ನು ನಾನು ವಾಪಸು ತೆಗೆದುಕೊಳ್ಳಲಿಲ್ಲ.

ಮಗಳು ಮಾತ್ರ ಬಾಗಿಲು ಹಾಕಿಕೊಂಡು ಕೂತಳು. ಗೆಳತಿಯ ಫೋನು ಬಂದಾಗೆಲ್ಲ ಅದು ತನ್ನಷ್ಟಕ್ಕೆ ನಿಲ್ಲುವವರೆಗೂ ನೋಡುತ್ತಿದ್ದಳು. "ಅವಳ ಮೇಲೆ ಕೋಪ ಇಲ್ಲಮ್ಮ. ಕಂಗ್ರಾಟ್ಸ್ ಅನ್ನೋಕೆ ದನಿ ಬರ್ತಿಲ್ಲ," ಎಂದಳು.

ಭಾನುವಾರ ಅತ್ತೆ ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬಿದರು. "ನಡೀರಿ. ನನ್ನ ಹೊತ್ತಿನಾಗ ಹುಟ್ಟಿದ ಕೂಸನ್ನ ನೋಡ್ಕೊಂಡು ಬರೂಣು."

ಮಗಳು ಬರಲ್ಲ ಎಂದಳು. ಆಮೇಲೆ ನಮ್ಮನ್ನು ಮೂವರನ್ನೇ ಕಳಿಸುವುದು ಇನ್ನೂ ಅಪಾಯ ಎಂದು ಚಪ್ಪಲಿ ಮೆಟ್ಟಿದಳು.

ಮಸೀದಿ ರಸ್ತೆಯ ಹಿಂದಿನ ಓಣಿಯಲ್ಲಿ ಎತ್ತರದ ಮಾಡಿನ ಹಳೇ ಮನೆ. ಗೆಳತಿಯ ಅಪ್ಪ ಆಗ ತಾನೇ ಅಂಗಡಿಯಿಂದ ಬಂದಿದ್ದರು, ಅವರ ಜೊತೆಗೆ ಮಲ್ಲಿಗೆಯ ವಾಸನೆಯೂ ಬಂದಿತ್ತು. ಗೆಳತಿಯ ದಾದಿ, ಅಂದರೆ ಅಪ್ಪನ ತಾಯಿ, ದಿವಾನದ ಮೇಲೆ ಕಾಲು ಮಡಚಿ ಕೂತಿದ್ದರು. ಇಬ್ಬರು ಹುಡುಗಿಯರೂ ಒಂದು ಕ್ಷಣ ಪರಸ್ಪರ ಕಾಲಿನ ಬೆರಳು ನೋಡಿಕೊಂಡು ನಿಂತರು. ಆಮೇಲೆ ಗೆಳತಿ, "ಫೋನ್ ಎತ್ತೋಕೆ ಏನ್ ರೋಗ ಮಗಾ ನಿಂಗೆ?" ಎಂದಳು. ಅಷ್ಟಕ್ಕೆ ಇಬ್ಬರೂ ಕಿಟಕಿಯ ಹತ್ತಿರ ಒಟ್ಟಿಗೆ ಕೂತರು.

ಅತ್ತೆ ಕತೆ ಹೇಳಿದರು. ಪಡಸಾಲೆ, ಬುರ್ಖಾ, ನೋವು, ಬಿಟ್ಟುಕೊಟ್ಟ ಹೊತ್ತು, ಖರ್ಜೂರ, ಬಳೆ. ಚೆನ್ನಾಗಿಯೇ ಹೇಳಿದರು. ಗೆಳತಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು. ಭಾವುಕರಾಗಿದ್ದಾರೆ ಎಂದುಕೊಂಡೆ. ನಗು ತಡೆಯುತ್ತಿದ್ದರು.

"ಅಜ್ಜಿ, ತಪ್ಪು ತಿಳ್ಕೋಬೇಡಿ. ಇವಳು ಹುಟ್ಟಿದ್ದು ಚಿಂತಾಮಣಿಯಲ್ಲಿ, ನಮ್ಮಮ್ಮನ ಮನೇಲಿ. ಆಪರೇಷನ್ನೂ ಇಲ್ಲ ಏನೂ ಇಲ್ಲ. ಸೂಲಗಿತ್ತಿ ಬರೋದರೊಳಗೇ ಬಂದ್ಬಿಟ್ಲು."

ಕತೆ ಅಲ್ಲೇ ಕುಸಿಯಿತು. ಗಂಡ ಮಾತ್ರ ಮೆಲ್ಲಗೆ, "ಖರ್ಜೂರ ನಿಜ. ಯಾರು ಕೊಟ್ರೋ ಏನೋ," ಎಂದರು.

ಅತ್ತೆ ಸೋಲುವವರಲ್ಲ. "ಹೋಗ್ಲಿ ಬಿಡವ್ವ. ಗುರುವಾರ ಸಂಜಿಗೆ ಹುಟ್ಯಾಳ, ಅಷ್ಟಾದ್ರೂ ಖರೆ ಹೌದಲ್ಲ?"

ಅಲ್ಲಿಯವರೆಗೆ ಸುಮ್ಮನೆ ಹೋಳಿಗೆ ಮುರಿಯುತ್ತಿದ್ದ ದಾದಿ ತಲೆಯೆತ್ತಿದರು. "ಗುರುವಾರ ಕೌನ್ ಬೋಲೆ, ಯಾರು ಹೇಳಿದ್ದು? ಜುಮ್ಮಾ. ನಮ್ ಹುಡುಗಿ ಜುಮ್ಮಾ ಹುಟ್ಟಿದ್ದು."

"ಅಮ್ಮಿ, ಸರ್ಟಿಫಿಕೇಟಲ್ಲಿ ಗುರುವಾರದ್ದೇ ತಾರೀಕು," ಎಂದರು ಗೆಳತಿಯ ಅಪ್ಪ.

"ಸರ್ಟಿಫಿಕೇಟು ಇತ್ತಾ ಅಲ್ಲಿ? ನಾನಿದ್ದೆ. ಸೂರ್ಯ ಮುಳುಗ್ತು. ಮಗ್ರಿಬ್ ಅಜಾನ್ ಆಯ್ತು. ಆಮೇಲೆ ಬಂದಿದ್ದು ಕೂಸು. ಅಜಾನ್ ಆದ್ರೆ ಜುಮ್ಮಾ ಶುರು."

ದಾದಿಗೆ ದಿನ ಬದಲಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ ಗುರುವಾರ ಸಂಜೆ ಹುಟ್ಟಿದ ಮೊಮ್ಮಗಳು ಆಗಲೇ ಶುಕ್ರವಾರದವಳು. ನಮ್ಮ ಅತ್ತೆಗೆ ದಿನ ಬದಲಾಗುವುದು ಸೂರ್ಯ ಹುಟ್ಟಿದಾಗ. ಹಾಗಾಗಿ ಶುಕ್ರವಾರ ಜಾವದಲ್ಲಿ ಹುಟ್ಟಿದ ಮೊಮ್ಮಗಳು ಇನ್ನೂ ಗುರುವಾರದವಳು. ನಡುರಾತ್ರಿ ಹನ್ನೆರಡಕ್ಕೆ ದಿನ ಬದಲಾಗುತ್ತದೆ ಎಂಬುದನ್ನು ಆ ಕೋಣೆಯ ಹಿರಿಯರಿಬ್ಬರೂ ಒಪ್ಪಲು ತಯಾರಿರಲಿಲ್ಲ. ಇದು ಅವರಿಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಹಂಗಾದ್ರ ಇಬ್ರೂ ಒಂದ ದಿನಾ ಹುಟ್ಯಾರ," ಎಂದರು ಅತ್ತೆ.

"ಹೌ. ಒಂದೇ ದಿನ."

"ಗುರುವಾರ."

"ಜುಮ್ಮಾ."

ಇಬ್ಬರೂ ಸಂತೋಷದಿಂದ ತಲೆಯಾಡಿಸಿದರು. ದಾದಿ ಇನ್ನೊಂದು ಹೋಳಿಗೆ ತೆಗೆದುಕೊಂಡರು. ಕಿಟಕಿಯ ಹತ್ತಿರ ಗೆಳತಿಯ ಮುಖ ನಿಧಾನವಾಗಿ ಬದಲಾಯಿತು. ಒಂದೇ ದಿನ ಎಂದರೆ ಟೈ ಮುರಿಯುವುದಿಲ್ಲ. ಟೈ ಮುರಿಯದಿದ್ದರೆ ಚೀಟಿ.

"ದಾದಿ," ಎಂದಳು ಅವಳು, "ನಾಳೆ ನಂದು ಫೀಸ್ ಕಟ್ಟೋ ದಿನ. ಈ ಮಾತು ಇಲ್ಲೇ ಇರ್ಲಿ."

ದಿನವನ್ನು ಹೇಗೆ ಎಣಿಸಿದರೂ ಆ ಹುಡುಗಿ ಕೆಲವು ಗಂಟೆ ಮೊದಲು ಹುಟ್ಟಿದವಳೇ ಎಂದು ನಾನು ಹೇಳಬಹುದಿತ್ತು. ಬಾಯಲ್ಲಿ ಹೋಳಿಗೆ ಇತ್ತು.

ಮಾರನೆಯ ದಿನ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು ಸಿದ್ಧರಾಗಿದ್ದರು. ತಡೆಯಬೇಕು ಅನ್ನಿಸಿತು. ಆದರೆ ನಮ್ಮ ಕಡೆ ಆಟೋ ಸಿಗುವುದೇ ಕಷ್ಟ, ಅವತ್ತು ಕೈ ಎತ್ತುವ ಮೊದಲೇ ಒಂದು ಬಂದು ನಿಂತಿತು. ಮಗಳು ಜೊತೆಗೆ ಬಂದಳು. ನಾವು ಕಾಲೇಜು ತಲುಪಿದಾಗ ದಾದಿ ಆಗಲೇ ವರಾಂಡದ ಕುರ್ಚಿಯಲ್ಲಿ ಕೂತಿದ್ದರು. ಅವರ ಮಗ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಬೇಡಿಕೊಳ್ಳುತ್ತಿದ್ದರು.

"ಅಮ್ಮಿ, ಸೀಟ್ ಹೋಗುತ್ತೆ."

"ಹೋದ್ರೆ ಹೋಗ್ಲಿ ಬೇಟಾ. ಜುಮ್ಮಾ ಹೋಗ್ಬಾರ್ದು. ಆ ಬೋರ್ಡ್ ನೋಡಿ ಓಣಿ ಪೂರಾ ಗುರುವಾರ ಗುರುವಾರ ಅಂತಿದೆ."

"ಬೋರ್ಡಲ್ಲಿ ವಾರ ಬರ್ದಿಲ್ಲ ಅಮ್ಮಿ."

"ನಕ್ಕೋ ನಕ್ಕೋ, ಬೇಡ. ನಂಗೆ ಹೇಳ್ಬೇಡ."

ಇಬ್ಬರು ಅಜ್ಜಿಯರೂ ಒಟ್ಟಿಗೆ ಒಳಗೆ ಹೋದರು. ಹಿಂದೆ ನಾವೆಲ್ಲ, ಮದುವೆ ದಿಬ್ಬಣದಂತೆ. ಅಧಿಕಾರಿ ಎದ್ದು ನಿಂತು ಕುರ್ಚಿ ಹಾಕಿಸಿದರು.

"ಇಬ್ರೂ ಹುಡುಗ್ಯಾರು ಒಂದ ದಿನಾ ಹುಟ್ಯಾರ್ರಿ," ಎಂದರು ಅತ್ತೆ. "ನಿಮ್ಮ ಪಟ್ಟಿ ತಪ್ಪೈತಿ. ಚೀಟಿ ಎತ್ತ್ರಿ."

"ಹೌದಾ ಅಮ್ಮ? ಯಾವ ದಿನ?"

"ಗುರುವಾರ," ಎಂದರು ಅತ್ತೆ. "ಜುಮ್ಮಾ," ಎಂದರು ದಾದಿ. ಇಬ್ಬರ ಬಾಯಿಂದಲೂ ಒಂದೇ ಸಲಕ್ಕೆ ಬಂತು.

ಅಧಿಕಾರಿ ಕನ್ನಡಕವನ್ನು ಕೊರಳಿಗೆ ಬಿಟ್ಟರು. "ಒಂದೇ ದಿನ. ಆದ್ರೆ ಗುರುವಾರ ಮತ್ತೆ ಶುಕ್ರವಾರ."

"ಹೌದ್ರಿ."

"ಹೌ ಸಾಬ್."

ವಿವರಣೆ ಶುರುವಾಯಿತು. ಅತ್ತೆ ಸೂರ್ಯನನ್ನು ಮೇಜಿನ ಬಲಗಡೆಯಿಂದ ಎತ್ತಿದರು, ದಾದಿ ಎಡಗಡೆ ಮುಳುಗಿಸಿದರು. ಅಧಿಕಾರಿ ತಾಳ್ಮೆಯಿಂದ ಎರಡೂ ಕಡೆ ನೋಡಿದರು. "ನೋಡಿ ಅಮ್ಮ, ನೀವಿಬ್ರೂ ಹೇಳೋದು ಸರಿನೇ ಇರಬಹುದು. ನಮ್ ಕಂಪ್ಯೂಟರಿಗೆ ದಿನ ಬದಲಾಗೋದು ನಡುರಾತ್ರಿ."

"ಎಲ್ಲಾರೂ ಮಲಗಿದ ಮ್ಯಾಲ?" ಎಂದರು ಅತ್ತೆ. "ಯಾರೂ ನೋಡಲಾರದಾಗ ದಿನಾ ಬದ್ಲಿ ಮಾಡಿದ್ರ ಅದಕ್ಕ ಸಾಕ್ಷಿ ಯಾರ್ರಿ?"

ಹಿಂದಿನ ಸಾಲಿನಲ್ಲಿ ಯಾರೋ, "ಅಜ್ಜಿ ಪಾಯಿಂಟ್ ಕರೆಕ್ಟಾಗಿದೆ ಗುರು," ಎಂದರು. ತಾತನನ್ನು ತರಬೇಕಿದ್ದ ಅದೇ ತಂದೆ ಎಂದು ನನಗೆ ನೆನಪು. ಅವತ್ತೂ ಅವರು ಯಾಕೆ ಅಲ್ಲಿರುತ್ತಾರೆ? ಆದರೂ ಅವರೇ.

ಗೆಳತಿ ಬಾಗಿಲ ಬಳಿ ಫೀಸಿನ ಕಾಗದಗಳನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಮಗಳು ಅವಳನ್ನು ನೋಡಿದಳು, ಆಮೇಲೆ ಮುಂದೆ ಬಂದು ಅತ್ತೆಯ ಭುಜ ಹಿಡಿದಳು. "ಅಜ್ಜಿ, ಏಳು. ಗುರುವಾರ ಸಂಜೆ ಮೊದಲು ಬರುತ್ತೆ, ಶುಕ್ರವಾರ ಬೆಳಿಗ್ಗೆ ಆಮೇಲೆ. ವಾರಕ್ಕೆ ಏನ್ ಹೆಸರು ಬೇಕಾದ್ರೂ ಇಡು, ಅವಳೇ ದೊಡ್ಡವಳು. ಫೀಸು ಕಟ್ಲಿ ಬಿಡು."

ತಾನು ಇಷ್ಟು ಉದ್ದ ಮಾತಾಡಲೇ ಇಲ್ಲ, "ಅಜ್ಜಿ, ಏಳು" ಎಂದಷ್ಟೇ ಎಂದದ್ದು ಎನ್ನುತ್ತಾಳೆ ಮಗಳು. ಇರಬಹುದು. ಅತ್ತೆ ಎದ್ದದ್ದು ಮಾತ್ರ ನಿಜ. ಗೆಳತಿಯನ್ನು ಅವಳ ಅಪ್ಪ ಕೌಂಟರಿಗೆ ಅಕ್ಷರಶಃ ತಳ್ಳಿಕೊಂಡು ಹೋದರು. ದಾದಿ ಹೊರಡುವ ಮುನ್ನ ಅಧಿಕಾರಿಗೆ, "ಜುಮ್ಮಾ ಸಾಬ್. ಬರ್ಕೊಳ್ಳಿ," ಎಂದರು. ಅವರು ಒಂದು ಬಿಳಿ ಹಾಳೆಯಲ್ಲಿ ಏನೋ ಬರೆದುಕೊಂಡರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಆಮೇಲೆ ಕಾಯುವುದು. ಕಾಯುವುದರ ಬಗ್ಗೆ ಬರೆಯಲು ಏನೂ ಇಲ್ಲ. ಮಗಳು ಫೋನನ್ನು ಬಚ್ಚಲಿಗೂ ಒಯ್ಯುತ್ತಿದ್ದಳು. ಗಂಡ ಇಂದಿರಾನಗರದ ಇನ್ನೊಂದು ಕಾಲೇಜಿನ ಗುಣಗಾನ ಮಾಡಿದರು, ಮೆಟ್ರೋದಿಂದ ಎಷ್ಟು ಹತ್ತಿರ ಎಂದರು. ಅವಳು "ಹೂಂ" ಎಂದಳು, ಅದೇ ನೆಂಟರ ಮದುವೆಯ ಮುಖದಲ್ಲಿ. ಒಂದು ದಿನ ಆ ಕಾಲೇಜಿನ ಬ್ಯಾಗಿನ ಬಣ್ಣ ಯಾವುದು ಎಂದು ತಾನಾಗಿ ಕೇಳಿದಳು. ಅವಳು ಒಗ್ಗಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾದಾಗ ನನಗೆ ಅವಳ ಹಟಕ್ಕಿಂತ ಅದೇ ಹೆಚ್ಚು ನೋವು ಕೊಟ್ಟಿತು.

ಫೋನು ಬಂದಾಗ ನಾನು ರಸೆಲ್ ಮಾರುಕಟ್ಟೆಯಲ್ಲಿ ಬೀನ್ಸ್ ಆರಿಸುತ್ತಿದ್ದೆ. ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ ಎನ್ನುತ್ತಾರೆ ಗಂಡ. ಮಗಳ ಕಿರುಚಾಟ ನನಗೆ ನೇರವಾಗಿ ಕೇಳಿಸಿದ್ದು ನೆನಪಿದೆ, ಹಾಗಾಗಿ ಬಾಲ್ಕನಿಯೇ ಸರಿಯಿರಬೇಕು. ಆದರೂ ಕೈಯಲ್ಲಿ ಬೀನ್ಸ್ ಇತ್ತು.

ಆಯ್ಕೆಯಾದ ಯಾರೋ ಒಬ್ಬರು ಫೀಸು ಕಟ್ಟಿರಲಿಲ್ಲ. ಗೆರೆ ಒಂದು ಹೆಸರು ಕೆಳಗೆ ಸರಿದಿತ್ತು, ಅಷ್ಟೇ. ಯಾರು, ಹುಡುಗನೋ ಹುಡುಗಿಯೋ, ಬೇರೆಲ್ಲೋ ಇನ್ನೂ ಒಳ್ಳೆಯದು ಸಿಕ್ಕಿತೋ ಅಥವಾ ಏನಾದರೂ ಎಡವಟ್ಟಾಯಿತೋ, ಕಾಲೇಜು ಹೇಳಲಿಲ್ಲ. ನಾವೂ ಕೇಳಲಿಲ್ಲ. ಮನೆಯಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಅತ್ತೆಯ ಪ್ರಕಾರ ಇದು ಮುಹೂರ್ತದ ಫಲ, ವಿದ್ಯೆ ತಾನಾಗಿ ಒಲಿದು ಬರುತ್ತದೆ ಎಂದು ಅಯ್ಯನವರು ಹೇಳಿರಲಿಲ್ಲವೇ? ಗಂಡನ ಪ್ರಕಾರ ಇದು ಕಾಯುವವರ ಪಟ್ಟಿಯಲ್ಲಿನ ಸೀನಿಯಾರಿಟಿ. ದಾದಿ ಫೋನಿನಲ್ಲಿ ಕಳೆದ ಜುಮ್ಮಾದಂದು ತಾವು ದುವಾ ಬೇಡಿಕೊಂಡದ್ದಾಗಿ ತಿಳಿಸಿದರು.

ದಾಖಲೆ ಪರಿಶೀಲನೆಗೆ ಅತ್ತೆ ಬರುವುದು ಬೇಡವೆಂದು ಎಲ್ಲರೂ ಹೇಳಿದೆವು. ಬಂದರು. ಅಧಿಕಾರಿ ಕಾಗದಗಳನ್ನು ಒಂದೊಂದಾಗಿ ನೋಡಿ, ಕೊನೆಗೆ, "ಹುಟ್ಟಿದ ತಾರೀಕು?" ಎಂದು ಕೇಳಿ, ಕೇಳಿದ ಮೇಲೆ ಅತ್ತೆಯ ಕಡೆ ನೋಡಿ ಗಾಬರಿಯಾದರು. ಗಂಡ ಕೆಮ್ಮಿದರು. ಅತ್ತೆ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಮೊಮ್ಮಗಳ ಮುಖ ನೋಡಿದರು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡರು.

ಮಗಳು ಆಧಾರಿನಲ್ಲಿ ಇದ್ದದ್ದನ್ನು ಹೇಳಿದಳು. ಅಧಿಕಾರಿ ಮುದ್ರೆ ಒತ್ತಿದರು.

ವಾಪಸು ಬರುವಾಗ ಕಗ್ಗದಾಸಪುರದ ಗೇಟು ಮತ್ತೆ ಹಾಕಿತ್ತು. ಮಗಳು ಗೆಳತಿಗೆ ಮೆಸೇಜು ಒತ್ತುತ್ತಾ ನಗುತ್ತಿದ್ದಳು. ಅತ್ತೆ, "ಪಾಪ, ಆ ಬಿಟ್ಟು ಹೋದ ಕೂಸು ಯಾವ ವಾರ ಹುಟ್ಟಿತ್ತೋ ಏನೋ," ಎಂದರು.

ಆಟೋದವನು ಹಿಂತಿರುಗಿ ನೋಡಿದ. ರೈಲು ಇನ್ನೂ ಬಂದಿರಲಿಲ್ಲ.